ರೊಕ್ಕ ಕೊಟ್ಟು ತಂದ ಲಿಂಕು, ಬಾಡಿಗೆ ಸಾಕ್ಷಿ

ಸಾವಿರ ರೂಪಾಯಿಗೆ ಐದು ಸಾವಿರ ಬ್ಯಾಕ್‌ಲಿಂಕ್, ಮೂರು ದಿನದಲ್ಲಿ ಕೆಲಸ ಖತಂ, ಎಕ್ಸೆಲ್ ಪಟ್ಟಿ ಸಮೇತ ರಿಪೋರ್ಟ್. ಬೀದರ್, ಭಾಲ್ಕಿ, ಔರಾದ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕಲಿಯುತ್ತಿರುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇಂಥ ಸಂದೇಶಗಳಿಗೆ ಬರವಿಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ತಿಂಗಳಿಗೆ ಹತ್ತು ಸಾವಿರದ ಟೂಲು ನಿಮಗೆ ಮುನ್ನೂರಕ್ಕೆ, ಪಾಸ್‌ವರ್ಡ್ ಹಂಚಿಕೊಂಡು ಬಳಸಿ.

ನಾವು ಹೇಳುವುದು ಇಷ್ಟೇ. ಎರಡನ್ನೂ ಕೊಳ್ಳಬೇಡಿ. ಮೊದಲನೆಯದು ನಿಮ್ಮ ಗಿರಾಕಿಗೆ ಮಾಡುವ ಮೋಸ, ಎರಡನೆಯದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಲಿಂಕ್ ಎಲ್ಲಿ ಸಿಗಬಹುದು ಎಂದು ಹುಡುಕಲು ಹೊಸಬರಿಗೆ ಬೇಕಾದದ್ದು ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಈ ಜಿಲ್ಲೆಯ ಪರಿಚಯ. ಮೂರೂ ನಿಮ್ಮ ಹತ್ತಿರ ಇವೆ. ಮೂರನೆಯದು ಬೆಂಗಳೂರು, ಹೈದರಾಬಾದಿನ ಕಂಪನಿಗಳ ಹತ್ತಿರ ಇಲ್ಲ.

ಕೈ ತೋರಿಸುವ ಲೆಕ್ಕ

ವಿಷಯ ಹೊಸದಾಗಿರುವ ಓದುಗರಿಗೆ ಎರಡು ಮಾತು. ಗೂಗಲ್‌ನಲ್ಲಿ ಹುಡುಕಿದಾಗ ಒಂದು ಅಂಗಡಿಯ ವೆಬ್‌ಸೈಟು ಮೇಲೆ ಕಾಣುವಂತೆ ಮಾಡುವ ಕೆಲಸಕ್ಕೆ ಎಸ್‌ಇಒ ಎನ್ನುತ್ತಾರೆ. ಬೇರೆಯವರ ವೆಬ್‌ಸೈಟಿನಿಂದ ನಿಮ್ಮ ವೆಬ್‌ಸೈಟಿಗೆ ಬರುವ ದಾರಿಗೆ ಬ್ಯಾಕ್‌ಲಿಂಕ್ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ‘ಚಲೋ ಖಾನಾವಳಿ ಎಲ್ಲೈತ್ರಿ’ ಎಂದು ಕೇಳಿದಾಗ ಆಟೋದವರು, ಚಹಾ ಅಂಗಡಿಯವರು, ಕಂಡಕ್ಟರ್ ಎಲ್ಲರೂ ಒಂದೇ ಕಡೆ ಕೈ ತೋರಿಸಿದರೆ ಕೇಳಿದವರು ನಂಬುತ್ತಾರೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಕಟ್ಟಿದ್ದು ಇದೇ ಲೆಕ್ಕದ ಮೇಲೆ. ಯಾರು ಯಾರ ಕಡೆ ಕೈ ತೋರಿಸುತ್ತಾರೆ, ಆ ಕೈಗೆ ಎಷ್ಟು ತೂಕ ಎಂದು ಅಳೆಯುವ ವಿಧಾನಕ್ಕೆ ಅವರು ಪೇಜ್‌ರ‍್ಯಾಂಕ್ ಎಂದು ಹೆಸರಿಟ್ಟರು. ಇವತ್ತು ಗೂಗಲ್ ಬೇರೆ ಎಷ್ಟೋ ಸಂಗತಿಗಳನ್ನೂ ನೋಡುತ್ತದೆ. ಆದರೂ ಲಿಂಕು ಲೆಕ್ಕದಿಂದ ಹೋಗಿಲ್ಲ.

ಕೈ ತೋರಿಸುವುದಕ್ಕೆ ಬೆಲೆ ಬಂದ ಕೂಡಲೇ ಬಾಡಿಗೆ ಕೈಗಳೂ ಬಂದವು. ರ‍್ಯಾಂಕ್‌ಗಾಗಿ ಲಿಂಕು ಕೊಳ್ಳುವುದು, ಮಾರುವುದು ಎರಡೂ ಗೂಗಲ್‌ನ ನಿಯಮಕ್ಕೆ ವಿರುದ್ಧ. ಜಾಹೀರಾತು ಕೊಟ್ಟರೆ ತಪ್ಪಿಲ್ಲ, ಆದರೆ ಆ ಲಿಂಕಿಗೆ ಜಾಹೀರಾತು ಎಂಬ ಗುರುತು ಹಾಕಬೇಕು. ಅದಕ್ಕೆ 2005ರಲ್ಲಿ ಬಂದ ‘ನೋಫಾಲೋ’ ಎಂಬ ಗುರುತು ಬಳಸಬಹುದು, 2019ರಲ್ಲಿ ‘ಸ್ಪಾನ್ಸರ್ಡ್’ ಎಂಬುದೂ ಸೇರಿತು.

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವವರು ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸಮೂಹದ ಕಥೆ ಓದಬೇಕು. ಬಟ್ಟೆಯಿಂದ ಹಿಡಿದು ಸೂಟ್‌ಕೇಸ್‌ವರೆಗೆ ಏನು ಹುಡುಕಿದರೂ ಅದೇ ಮೇಲೆ ಬರುತ್ತಿತ್ತು. ಸಂಬಂಧವೇ ಇಲ್ಲದ ನೂರಾರು ಸೈಟುಗಳಿಂದ ಅದಕ್ಕೆ ಸಾವಿರಾರು ಲಿಂಕು ಹಾಕಿಸಲಾಗಿತ್ತು ಎಂಬುದನ್ನು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲು ಮಾಡಿತು. ಗೂಗಲ್ ಅದನ್ನು ಕೆಳಕ್ಕೆ ತಳ್ಳಿತು. ನಮಗೇನೂ ಗೊತ್ತಿರಲಿಲ್ಲ ಎಂದ ಕಂಪನಿ, ತನ್ನ ಎಸ್‌ಇಒ ಕೆಲಸ ಮಾಡುತ್ತಿದ್ದ ಸಂಸ್ಥೆಯನ್ನು ಕೈಬಿಟ್ಟಿತು. ಕೊನೆಗೆ ತಲೆದಂಡ ಯಾರದಾಯಿತು ಎಂಬುದನ್ನು ಕಲಿಯುವ ಹುಡುಗರು ಗಮನಿಸಬೇಕು. ಭಾಲ್ಕಿಯ ಅಂಗಡಿಯವರೂ ಅದನ್ನೇ ಮಾಡುತ್ತಾರೆ. ಆ ಸುದ್ದಿ ಸಂಜೆಯೊಳಗೆ ಬಜಾರಿನ ಎಲ್ಲ ಅಂಗಡಿಗಳಿಗೂ ತಲುಪುತ್ತದೆ. ಒಬ್ಬ ಗಿರಾಕಿಯ ಜೊತೆ ಹತ್ತು ಗಿರಾಕಿಗಳು ಹೋಗುತ್ತಾರೆ.

2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು ಕಳ್ಳ ಲಿಂಕುಗಳ ಮೇಲೆ ಕೈ ಮಾಡಿತು. 2022ರ ಡಿಸೆಂಬರಿನಲ್ಲಿ ‘ಸ್ಪ್ಯಾಮ್‌ಬ್ರೈನ್’ ಎಂಬ ತನ್ನ ಯಂತ್ರವನ್ನು ಇಂಥ ಲಿಂಕುಗಳನ್ನು ಪತ್ತೆ ಮಾಡಿ ಅವುಗಳ ತೂಕವನ್ನು ಸೊನ್ನೆ ಮಾಡಲು ಹಚ್ಚಿತು. ಅಂದರೆ ಶಿಕ್ಷೆ ಬೀಳದಿದ್ದರೂ ರೊಕ್ಕ ನೀರಿಗೆ ಹೋಮ. ಐದು ಸಾವಿರ ಲಿಂಕಿನ ರಿಪೋರ್ಟ್ ಕೈಯಲ್ಲಿರುತ್ತದೆ, ಅಂಗಡಿ ಇದ್ದಲ್ಲೇ ಇರುತ್ತದೆ.

ಆ ಐದು ಸಾವಿರದಲ್ಲಿ ಏನಿರುತ್ತದೆ

ಒಮ್ಮೆ ಆ ಎಕ್ಸೆಲ್ ಪಟ್ಟಿಯ ಇಪ್ಪತ್ತು ವಿಳಾಸಗಳನ್ನು ತೆರೆದು ನೋಡಿ. ಯಾರೂ ಬರದ ಸೈಟುಗಳ ಕಮೆಂಟುಗಳು, ಯಾವುದೋ ದೇಶದ ಖಾಲಿ ಪ್ರೊಫೈಲ್ ಪುಟಗಳು, ಕಂಪ್ಯೂಟರ್ ಬರೆದ ತಲೆಬುಡವಿಲ್ಲದ ಲೇಖನಗಳು. ಕೆಲವು ಒಂದು ಕಾಲದಲ್ಲಿ ನಿಜವಾದ ಶಾಲೆಯದೋ ಸಂಘದ್ದೋ ಆಗಿದ್ದು, ಹೆಸರಿನ ಅವಧಿ ಮುಗಿದ ಮೇಲೆ ಬೇರೆಯವರು ಹಿಡಿದ ಸೈಟುಗಳು. ಹೀಗೆ ಸತ್ತವರ ಹೆಸರಿನಲ್ಲಿ ವ್ಯಾಪಾರ ಮಾಡುವುದನ್ನು ಗೂಗಲ್ 2024ರ ಮಾರ್ಚಿನಲ್ಲಿ ತನ್ನ ನಿಷೇಧಗಳ ಪಟ್ಟಿಗೆ ಸೇರಿಸಿತು.

ಇದರ ಇನ್ನೊಂದು ತುದಿ ನಮಗೆ ಇಲ್ಲಿಂದಲೇ ಕಾಣುತ್ತದೆ. ನಮ್ಮ ಈ ಬ್ಲಾಗಿಗೂ ಮೇಲ್‌ಗಳು ಬರುತ್ತವೆ: ನಾವು ಬರೆದ ಲೇಖನ ಹಾಕಿ, ನಡುವೆ ಒಂದು ಲಿಂಕ್ ಇರಲಿ, ಇಷ್ಟು ರೊಕ್ಕ ಕೊಡುತ್ತೇವೆ, ಜಾಹೀರಾತು ಎಂದು ಮಾತ್ರ ಬರೆಯಬೇಡಿ. ಲಿಂಕು ಒತ್ತಿದರೆ ಬೆಟ್ಟಿಂಗ್ ಆ್ಯಪ್, ಇಲ್ಲವೇ ಸಾಲದ ಆ್ಯಪ್. ಸೋಯಾ ರೇಟು, ಮಳೆ ಸುದ್ದಿ ಓದಲು ಬರುವ ರೈತನನ್ನು ನಮ್ಮ ಹೆಸರಿನಲ್ಲಿ ಜೂಜಿನ ಬಾಗಿಲಿಗೆ ಕಳಿಸಬೇಕಂತೆ. ನಾವು ಕಳಿಸುವುದಿಲ್ಲ. ಆದರೆ ಒಪ್ಪುವ ಸೈಟುಗಳು ಬೇಕಾದಷ್ಟಿವೆ. ‘ನ್ಯೂಸ್ ಸೈಟ್ ಲಿಂಕ್ ಪ್ಯಾಕೇಜ್’ ಎಂದು ಮಾರುವುದು ಅಂಥವನ್ನೇ. ನಿಮ್ಮ ಗಿರಾಕಿಯ ಬಿದ್ರಿ ಅಂಗಡಿಯ ಹೆಸರು ಅಲ್ಲಿ ಬೆಟ್ಟಿಂಗ್ ಆ್ಯಪ್‌ನ ಪಕ್ಕ ಕೂರುತ್ತದೆ.

ದುಬಾರಿ ಟೂಲು ಯಾರಿಗೆ ಬೇಕು

ಅಹ್ರೆಫ್ಸ್, ಸೆಮ್‌ರಶ್‌ನಂಥ ಹೆಸರುವಾಸಿ ಟೂಲುಗಳ ರೂಢಿಯ ಪ್ಲಾನುಗಳು ತಿಂಗಳಿಗೆ ನೂರು ಡಾಲರಿಗೂ ಮೇಲೆ. ಅವು ಕೆಟ್ಟವಲ್ಲ. ನೂರಾರು ಗಿರಾಕಿಗಳ ಸೈಟು ನೋಡುವ ಕಂಪನಿಗೆ ಬೇಕೇ ಬೇಕು. ಎರಡು ಅಂಗಡಿ, ಒಂದು ಕೋಚಿಂಗ್ ಕ್ಲಾಸು ಗಿರಾಕಿಗಳಾಗಿರುವ ಹುಡುಗನಿಗೆ ಯಾಕೆ? ಎರಡೆಕರೆ ಹೊಲಕ್ಕೆ ಯಾರೂ ಕಟಾವು ಯಂತ್ರ ಕೊಳ್ಳುವುದಿಲ್ಲ.

ಕೊಂಡರೂ ನಮ್ಮ ಕಡೆಯ ಹುಡುಕಾಟ ಅದರಲ್ಲಿ ಸರಿಯಾಗಿ ಸಿಗುವುದಿಲ್ಲ. ಔರಾದ್‌ನ ಬಗ್ಗೆ ಕನ್ನಡದಲ್ಲಿ ಒಂದು ಪದ ಹಾಕಿ ನೋಡಿ, ಬಹಳ ಸಲ ಸೊನ್ನೆ ಎಂದೇ ಬರುತ್ತದೆ. ಜನ ಹುಡುಕುವುದಿಲ್ಲ ಎಂದು ಅದರ ಅರ್ಥವಲ್ಲ. ಆ ಟೂಲಿನ ಕಣ್ಣಿಗೆ ನಮ್ಮೂರು ಬಿದ್ದಿಲ್ಲ, ಅಷ್ಟೇ. ಇನ್ನು ಹಂಚಿಕೊಂಡ ಪಾಸ್‌ವರ್ಡಿನ ಮಾತು. ಅದು ಆ ಕಂಪನಿಗಳ ನಿಯಮ ಮುರಿದ ಮಾಲು. ಇವತ್ತು ನಡೆಯುತ್ತದೆ, ನಾಳೆ ಬಂದ್. ಅಪರಿಚಿತರು ಕೊಟ್ಟ ಎಕ್ಸ್‌ಟೆನ್ಷನ್ ನಿಮ್ಮ ಬ್ರೌಸರಿನಲ್ಲಿ ಕೂತು ಏನೇನು ನೋಡುತ್ತದೆ ಎಂಬುದಕ್ಕೆ ಯಾರೂ ಜಾಮೀನು ಕೊಡುವುದಿಲ್ಲ.

ಪುಕ್ಕಟೆ ದಾರಿಗಳು

ಮೊದಲು ನಿಮ್ಮ ಸೈಟಿನ ಲೆಕ್ಕ. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ. ಅದರ ‘ಲಿಂಕ್ಸ್’ ಭಾಗದಲ್ಲಿ ಈಗಾಗಲೇ ಯಾರು ನಿಮಗೆ ಕೈ ತೋರಿಸುತ್ತಿದ್ದಾರೆ ಎಂಬುದು ಸಿಗುತ್ತದೆ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಕೂಡ ಪುಕ್ಕಟೆ. ಅದರಲ್ಲಿ ನಿಮ್ಮ ಸೈಟನ್ನು ಬೇರೆ ಸೈಟಿನ ಜೊತೆ ಹೋಲಿಸಿ, ಅವರಿಗೆ ಎಲ್ಲಿಂದ ಲಿಂಕು ಬಂದಿದೆ ಎಂದು ನೋಡಬಹುದು. ಅಹ್ರೆಫ್ಸ್‌ನವರದೇ ಒಂದು ಪುಕ್ಕಟೆ ಪುಟವಿದೆ, ಯಾವ ಸೈಟಿನ ವಿಳಾಸ ಕೊಟ್ಟರೂ ಮುಖ್ಯವಾದ ನೂರು ಲಿಂಕು ತೋರಿಸುತ್ತದೆ. ಹೊಸಬರಿಗೆ ನೂರು ಸಾಕು. ನೂರನ್ನೂ ತೆರೆದು ಓದಿದವರು ನಮಗಿನ್ನೂ ಸಿಕ್ಕಿಲ್ಲ.

ಎರಡನೆಯದು ಗೂಗಲ್‌ನಲ್ಲೇ ಹುಡುಕುವ ಜಾಣತನ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಹೆಸರಿರುವ ಪುಟಗಳು ಬರುತ್ತವೆ. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಎಸಿ ಡಾಟ್ ಇನ್’ ಎಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಪುಟ ಮಾತ್ರ. ‘ಜಿಒವಿ ಡಾಟ್ ಇನ್’, ‘ಎನ್‌ಐಸಿ ಡಾಟ್ ಇನ್’ ಎಂದರೆ ಸರ್ಕಾರದ ಪುಟ ಮಾತ್ರ. ಮೈನಸ್ ಗುರುತು ಹಾಕಿ ನಿಮ್ಮದೇ ಸೈಟನ್ನು ಬಿಟ್ಟರೆ, ನಿಮ್ಮ ಗಿರಾಕಿಯ ಹೆಸರು ಬರೆದೂ ಲಿಂಕು ಕೊಡದ ಪುಟಗಳು ಸಿಗುತ್ತವೆ. ಅತಿ ಸುಲಭವಾಗಿ ಸಿಗುವ ಲಿಂಕು ಇವೇ. ಹೆಸರು ಈಗಾಗಲೇ ಬರೆದಿದ್ದಾರೆ, ದಾರಿಯನ್ನೂ ಕೊಡಿ ಎಂದು ಕೇಳಿದರಾಯಿತು. ಅದೇ ಹೆಸರಿಗೆ ಗೂಗಲ್ ಅಲರ್ಟ್ಸ್ ಹಾಕಿಟ್ಟರೆ ಹೊಸದಾಗಿ ಎಲ್ಲಾದರೂ ಬಂದಾಗ ಮೇಲ್ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಒಂದು ಹೆಸರಿಗೆ ಹತ್ತು ಕಾಗುಣಿತ. ಬೀದರ, ಬೀದರ್; ಔರಾದ್, ಔರಾದ (ಬಿ); ಇಂಗ್ಲಿಷಿನಲ್ಲಿ ಇನ್ನಷ್ಟು. ಮರಾಠಿ, ಹಿಂದಿ, ಉರ್ದು, ತೆಲುಗಿನಲ್ಲೂ ಹುಡುಕಿ. ಈ ಭಾಷೆಗಳನ್ನು ನಾವು ಬಜಾರಿನಲ್ಲೇ ಕಲಿತವರು. ದೊಡ್ಡ ಊರಿನ ಎಸ್‌ಇಒ ಕಂಪನಿಗೆ ಇದಕ್ಕೆ ನಾಲ್ಕು ಜನ ಬೇಕು, ನಮಗೆ ಒಬ್ಬರೇ ಸಾಕು.

ಮೂರನೆಯದು ಸತ್ತ ಲಿಂಕು. ಕಾಲೇಜು, ಇಲಾಖೆ, ಸಂಘಗಳ ಸೈಟಿನಲ್ಲಿ ‘ಉಪಯುಕ್ತ ಲಿಂಕುಗಳು’ ಎಂಬ ಪುಟ ಇರುತ್ತದೆ. ಒಂದೊಂದಾಗಿ ಒತ್ತಿ ನೋಡಿ, ಕೆಲವು ತೆರೆಯುವುದೇ ಇಲ್ಲ. ಅಲ್ಲಿ ಮೊದಲು ಏನಿತ್ತು ಎಂಬುದನ್ನು ವೇಬ್ಯಾಕ್ ಮಷೀನ್ ಎಂಬ ಪುಕ್ಕಟೆ ಸಂಗ್ರಹದಲ್ಲಿ ನೋಡಬಹುದು. ಅಂಥದೇ ಮಾಹಿತಿ ನಿಮ್ಮ ಗಿರಾಕಿಯ ಪುಟದಲ್ಲಿ ಚೆನ್ನಾಗಿದ್ದರೆ, ‘ನಿಮ್ಮ ಈ ಲಿಂಕು ಕೆಲಸ ಮಾಡುತ್ತಿಲ್ಲ, ಇದನ್ನು ಹಾಕಬಹುದು’ ಎಂದು ತಿಳಿಸಿ. ಅವರಿಗೂ ಉಪಕಾರ.

ಸಿಕ್ಕಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಐದು ಮನೆ ಮಾಡಿ ಬರೆಯಿರಿ: ಪುಟ ಯಾವುದು, ಯಾರು ನಡೆಸುತ್ತಾರೆ, ಅವರು ಯಾಕೆ ಲಿಂಕು ಕೊಡಬೇಕು, ಯಾರನ್ನು ಕೇಳಬೇಕು, ಕೇಳಿದ ತಾರೀಕು. ಮೂರನೆಯ ಮನೆ ಮುಖ್ಯ. ಅವರ ಓದುಗರಿಗೆ ನಿಮ್ಮ ಪುಟದಿಂದ ಏನು ಉಪಯೋಗ ಎಂಬುದಕ್ಕೆ ಒಂದು ವಾಕ್ಯ ಬರೆಯಲು ಆಗದಿದ್ದರೆ ಆ ಸಾಲನ್ನು ಹೊಡೆದು ಹಾಕಿ. ಈ ಒಂದು ಪ್ರಶ್ನೆಯನ್ನು ಯಾವ ಟೂಲೂ ನಿಮ್ಮ ಪರವಾಗಿ ಕೇಳುವುದಿಲ್ಲ.

ಮೂರು ಊರು, ಮೂರು ಲೆಕ್ಕ

ಬೀದರಿನಲ್ಲಿ ಒಬ್ಬ ಬಿದ್ರಿ ಕುಶಲಕರ್ಮಿ ನಿಮ್ಮ ಗಿರಾಕಿ ಎಂದುಕೊಳ್ಳಿ. ಬಿದ್ರಿ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ದೇಶದ ಪತ್ರಿಕೆಗಳೆಲ್ಲ ಈ ಕಲೆಯ ಬಗ್ಗೆ ಬರೆದವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳಲ್ಲಿ ಹಳೆಯ ಬಿದ್ರಿ ಸಾಮಾನುಗಳಿವೆ. ಇಷ್ಟು ಬರೆದವರಲ್ಲಿ ಎಷ್ಟು ಜನಕ್ಕೆ ಈ ಕೆಲಸ ಮಾಡುವ ಕೈಗಳೇ ಬರೆದ ಒಂದು ಪುಟ ಸಿಕ್ಕಿದೆ? ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುವುದು, ಕೊರೆಯುವುದು, ಬೆಳ್ಳಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದು. ಒಂದೊಂದು ಹಂತಕ್ಕೂ ಮೊಬೈಲಿನಲ್ಲೇ ಫೋಟೊ ತೆಗೆದು, ಕರ್ಮಿಯ ಮಾತಿನಲ್ಲೇ ಕನ್ನಡ, ಇಂಗ್ಲಿಷಿನಲ್ಲಿ ಒಂದು ಪುಟ ಮಾಡಿ. ಆಮೇಲೆ ಕೋಟೆ ಮತ್ತು ಮಹಮೂದ್ ಗವಾನ್ ಮದರಸಾ ನೋಡಿ ಹೋಗಿ ಬರೆದ ಪ್ರವಾಸಿಗರು, ಕರಕುಶಲ ಕಲೆ ಕಲಿಸುವ ಕಾಲೇಜುಗಳು, ವರದಿ ಮಾಡಿದ ಪತ್ರಕರ್ತರ ಪಟ್ಟಿ ಮಾಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್ ಬರೆಯಿರಿ. ಐವತ್ತರಲ್ಲಿ ಐದು ಜನ ಲಿಂಕು ಕೊಟ್ಟರೂ ಆ ಐದು ಸಾವಿರಕ್ಕಿಂತ ಮೇಲು.

ಭಾಲ್ಕಿಯಲ್ಲಿ ಹನಿ ನೀರಾವರಿ ಸಾಮಾನು ಮಾರುವ ಅಂಗಡಿ ಎಂದುಕೊಳ್ಳಿ. ಅಂಗಡಿಯವರು ಯಾವ ಯಾವ ಕಂಪನಿಯ ಡೀಲರು ಎಂದು ಮೊದಲು ಕೇಳಿ. ಕಂಪನಿಗಳ ಸೈಟಿನಲ್ಲಿ ಡೀಲರುಗಳ ಪಟ್ಟಿ ಇರುತ್ತದೆ, ಅದರಲ್ಲಿ ಹೆಸರು, ಫೋನ್ ಇದ್ದು ವೆಬ್‌ಸೈಟು ಇರುವುದಿಲ್ಲ. ಸೇಲ್ಸ್ ಆಫೀಸರ್‌ಗೆ ಒಂದು ಫೋನ್ ಮಾಡಿದರೆ ಆಗುವ ಕೆಲಸ. ಆಮೇಲೆ ಕಾರಂಜಾ ನೀರು ಬರುವ ಹೊಲದ ಕಬ್ಬಿಗೆ ಹನಿ ನೀರಾವರಿ ಹಾಕಿದರೆ ಎಕರೆಗೆ ಪೈಪು ಎಷ್ಟು, ಖರ್ಚು ಎಷ್ಟು, ಸಬ್ಸಿಡಿಗೆ ಯಾವ ಕಾಗದ ಬೇಕು ಎಂದು ಒಂದು ಪುಟ ಬರೆಸಿ. ರೈತ ಸಂಘಗಳು, ರೈತ ಉತ್ಪಾದಕ ಕಂಪನಿಗಳು, ಕೃಷಿ ಯೂಟ್ಯೂಬಿನವರು ಇದಕ್ಕೆ ಕೈ ತೋರಿಸಲು ಕಾರಣವಿದೆ. ಅಂಗಡಿಯ ಮಗ ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲೋ ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದಿದ್ದರೆ ಹಳೆ ವಿದ್ಯಾರ್ಥಿಗಳ ಪುಟ ಇದೆಯೇ ನೋಡಿ.

ಔರಾದ್‌ನಲ್ಲಿ ದೇವಣಿ ದನ ಸಾಕುವವರೊಬ್ಬರು ಸೈಟು ಮಾಡಿಸಿದ್ದಾರೆ ಎಂದುಕೊಳ್ಳಿ. ದೇವಣಿ ತಳಿಯ ತವರು ಗಡಿಯ ಎರಡೂ ಕಡೆ ಇದೆ, ಹೆಸರೇ ಲಾತೂರ್ ಜಿಲ್ಲೆಯ ದೇವಣಿಯಿಂದ ಬಂದದ್ದು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಗಡಿಯಾಚೆ ಉದಗೀರ್‌ನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹರಿಯಾಣದ ಕರ್ನಾಲ್‌ನಲ್ಲಿ ದೇಶದ ಜಾನುವಾರು ತಳಿಗಳ ದಾಖಲೆ ಇಡುವ ಕೇಂದ್ರವಿದೆ. ಮರಾಠಿಯಲ್ಲಿ ಹುಡುಕಿದರೆ ಕನ್ನಡದಲ್ಲಿ ಸಿಗದ ಪುಟಗಳು ಸಿಗುತ್ತವೆ. ಹೋರಿ, ಹಸು, ಕರುವಿನ ವಯಸ್ಸುವಾರು ಫೋಟೊ, ಹಾಲಿನ ದಿನವಹಿ ಲೆಕ್ಕ, ಮೇವಿನ ಖರ್ಚು ನಿಮ್ಮ ಪುಟದಲ್ಲಿದ್ದರೆ ಸಂಶೋಧನೆ ಮಾಡುವವರಿಗೂ ಅದು ಬೇಕಾಗುತ್ತದೆ. ಔರಾದ್‌ನ ದನದ ಕೊಟ್ಟಿಗೆಯಲ್ಲಿರುವ ಈ ಮಾಹಿತಿ ಇಂಟರ್‌ನೆಟ್ಟಿನಲ್ಲಿ ಬಹಳ ಕಡಿಮೆ ಇದೆ. ಕಡಿಮೆ ಇರುವುದಕ್ಕೇ ಕಿಮ್ಮತ್ತು.

ಎದುರು ಮಾತುಗಳಿಗೆ ಉತ್ತರ

ಮೇಲ್ ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ ಎನ್ನುತ್ತೀರಿ. ನಿಜ. ಒಂದೇ ಮೇಲನ್ನು ಇನ್ನೂರು ಜನಕ್ಕೆ ಕಳಿಸಿದರೆ ಖಂಡಿತ ಕೊಡುವುದಿಲ್ಲ. ಆದರೆ ಭಾಲ್ಕಿಯಿಂದ ಬೀದರಿಗೆ ಬಸ್ಸಿದೆ. ಕಾಲೇಜಿನ ಸೈಟು ನೋಡಿಕೊಳ್ಳುವವರನ್ನು ಮುಖತಃ ಕಂಡು, ‘ಸರ್, ನಿಮ್ಮ ಪುಟದಲ್ಲಿ ಈ ಆರು ಲಿಂಕು ಸತ್ತಿವೆ, ಪಟ್ಟಿ ತಂದಿದ್ದೇನೆ’ ಎನ್ನಿ. ದಿಲ್ಲಿಯಲ್ಲಿ ಕೂತ ಏಜೆನ್ಸಿಗೆ ಈ ಅನುಕೂಲ ಇಲ್ಲ.

ವಿಕಿಪೀಡಿಯದಲ್ಲಿ ಹಾಕಿಬಿಡೋಣ ಎನ್ನುತ್ತೀರಿ. ಬೇಡ. ಅಲ್ಲಿಯ ಹೊರಲಿಂಕುಗಳಿಗೆ 2007ರಿಂದಲೇ ನೋಫಾಲೋ ಗುರುತಿದೆ, ರ‍್ಯಾಂಕಿಗೆ ಲಾಭವಿಲ್ಲ. ಅಂಗಡಿ ಲಿಂಕು ತುರುಕಿದರೆ ಅಳಿಸಿ ಹಾಕುತ್ತಾರೆ. ನಮ್ಮ ಊರಿನ ಬಗ್ಗೆ ಸರಿಯಾದ ಮಾಹಿತಿ ಸೇರಿಸುವುದಾದರೆ ಸೇರಿಸಿ, ಅದು ಬೇರೆ ಪುಣ್ಯ.

ಇದು ನಿಧಾನ ಎನ್ನುತ್ತೀರಿ. ಹೌದು, ನಿಧಾನವೇ. ಒಂದು ಅಂಗಡಿಗೆ ವಾರವಿಡೀ ಸಂಜೆ ಕೂತರೆ ಮೂವತ್ತು ನಲವತ್ತು ಒಳ್ಳೆಯ ಹೆಸರು ಸಿಗಬಹುದು, ಲಿಂಕು ಬರಲು ತಿಂಗಳುಗಳೇ ಬೇಕು. ಇದನ್ನು ಗಿರಾಕಿಗೆ ಮೊದಲ ದಿನವೇ ಹೇಳಿ. ನಾಟಿ ಮಾಡಿದ ಮರುದಿನ ಕಬ್ಬು ಕಡಿಯಲು ಬರುವುದಿಲ್ಲ ಎಂಬುದು ಕಾರಂಜಾ ಕಡೆಯ ಜನರಿಗೆ ಯಾರೂ ಕಲಿಸಬೇಕಿಲ್ಲ.

ನಮ್ಮ ಬೇಡಿಕೆ

ಕಲಿಸುವ ಸೆಂಟರುಗಳಿಗೆ: ಫೀ ತೆಗೆದುಕೊಂಡು ಪ್ಯಾಕೇಜ್ ಕೊಳ್ಳುವುದನ್ನು ಕಲಿಸಬೇಡಿ. ಮೊದಲ ತಿಂಗಳು ಪುಕ್ಕಟೆ ದಾರಿಗಳಲ್ಲೇ ಪಾಠ ಮಾಡಿ. ಲಿಂಕು ಕೊಳ್ಳುವುದು ನಿಯಮಬಾಹಿರ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಿರಿ.

ಅಂಗಡಿ ಮಾಲೀಕರಿಗೆ: ಎಷ್ಟು ಲಿಂಕು ಎಂದು ಕೇಳಬೇಡಿ. ಯಾವ ಹತ್ತು ಪುಟ, ಅವುಗಳನ್ನು ಯಾರು ಓದುತ್ತಾರೆ ಎಂದು ಕೇಳಿ. ಮೊಬೈಲಿನಲ್ಲಿ ಆ ಹತ್ತನ್ನೂ ತೆರೆದು ನೋಡಿ, ಆಮೇಲೆ ರೊಕ್ಕ ಕೊಡಿ.

ಕಾಲೇಜು, ಇಲಾಖೆ, ಸಂಘಗಳಿಗೆ: ನಿಮ್ಮ ಸೈಟಿನ ಸತ್ತ ಲಿಂಕು ತೆಗೆಯಿರಿ, ಜಿಲ್ಲೆಯ ಕುಶಲಕರ್ಮಿಗಳ, ರೈತ ಕಂಪನಿಗಳ ಹೆಸರಿನ ಜೊತೆ ಅವರ ಸೈಟಿನ ವಿಳಾಸವನ್ನೂ ಹಾಕಿ. ಇದಕ್ಕೆ ಟೆಂಡರು ಕರೆಯಬೇಕಿಲ್ಲ.

ನಮ್ಮ ಕಸುಬಿನವರಿಗೆ, ಅಂದರೆ ಜಿಲ್ಲೆಯಲ್ಲಿ ಸುದ್ದಿ ಬರೆಯುವವರಿಗೆ: ಯಾರ ಬಗ್ಗೆ ಬರೆಯುತ್ತೀರೋ ಅವರಿಗೆ ಸೈಟು ಇದ್ದರೆ ಲಿಂಕು ಕೊಡಿ. ಓದುಗರಿಗೆ ದಾರಿ ತೋರಿಸುವುದು ವರದಿಯ ಕೆಲಸದಲ್ಲೇ ಬರುತ್ತದೆ. ಅದನ್ನು ಬೆಟ್ಟಿಂಗ್ ಆ್ಯಪಿಗೆ ಮಾರಿ, ನಮ್ಮದೇ ಊರಿನವರಿಗೆ ಕೊಡದಿರುವುದು ನಾಚಿಕೆಗೇಡು.

ಕಲಿಯುವ ತಮ್ಮ ತಂಗಿಯರಿಗೆ: ಪ್ಯಾಕೇಜಿಗೆ ಎಂದು ಇಟ್ಟ ಸಾವಿರ ರೂಪಾಯಿ ಜೇಬಿನಲ್ಲಿ ಇರಲಿ. ನೋಟ್‌ಬುಕ್ಕಿಗೆ ನಲವತ್ತು, ಬಸ್ಸಿಗೆ ಸ್ವಲ್ಪ ಹೋಗುತ್ತದೆ. ಇವತ್ತು ಸಂಜೆ ಒಂದು ಅಂಗಡಿ ಆರಿಸಿ ಮೊದಲ ಹತ್ತು ಸಾಲು ಬರೆಯಿರಿ, ಮೂರನೆಯ ಮನೆ ಖಾಲಿ ಬಿಡಬೇಡಿ.